ಅನಾನಸ್ ಸಾಸಿವೆ ಕಹಿಯಾಗುವುದಕ್ಕೆ
ಮೊಸರನ್ನು ದೂರಬೇಡಿ. ಸಾಗರದ ಸಂತೆಯ ಹಣ್ಣಿಗೆ ಮೊಸರು, ಕಾಯಿಯೊಂದಿಗೆ ಅರೆದ ಸಾಸಿವೆಕಾಳು ಬೆರೆಸಿ ಮಾಡಿದ ಈ ಮೇಲೋಗರ ಊಟದ ಹೊತ್ತಿಗೆ ಕಹಿಯಾಯಿತು ಎಂದಿರಿ. ಅದಕ್ಕೆ ಬಹುಶಃ ಹಸಿ ಅನಾನಸ್‌ನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವವೇ ಕಾರಣ. ಮೊಸರಿನ ಕೇಸಿನ್ ಪ್ರೋಟೀನಿನ ಎಳೆ ಕಿಣ್ವದ ಸಂದಿಯಲ್ಲಿ ಕೂರುತ್ತದೆ. ಅಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕ, ಎಳೆಯ ಕೊಂಡಿಗಳನ್ನು ಬೆಸೆಯುವ ಪೆಪ್ಟೈಡ್ ಬಂಧದ ಮೇಲೆ ಎರಗಿ ಅದನ್ನು ಕಡಿಯುತ್ತದೆ. ತುಂಡುಗಳು ಹೊರಬೀಳುತ್ತವೆ, ಅವುಗಳಲ್ಲಿ ಕೆಲವು ಕಹಿ. ಕಿಣ್ವ ಮಾತ್ರ ಖರ್ಚಾಗದೆ ಮುಂದಿನ ಎಳೆಯನ್ನು ಹಿಡಿಯುತ್ತದೆ. ಹಾಗಾಗಿ ತುಸುವೇ ಇದ್ದರೂ ಸಾಕು.

ಮೊದಲು ನಡುವಿನ ದಿಂಡನ್ನು ತೆಗೆದುಬಿಡಿ, ಅದರಲ್ಲೂ ಕಿಣ್ವ ಧಾರಾಳವಾಗಿದೆ. ಹೋಳುಗಳನ್ನು ಉಪ್ಪು, ಬೆಲ್ಲದೊಂದಿಗೆ ಐದರಿಂದ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಬಿಸಿಗೆ ಕಿಣ್ವದ ಆಕಾರ ಕೆಟ್ಟು ಆ ಸಂದಿಯೇ ಇಲ್ಲವಾಗುತ್ತದೆ. ಪೂರ್ತಿ ಆರಿದ ಮೇಲಷ್ಟೇ ಮೊಸರು ಬೆರೆಸಿ. ಫ್ರಿಜ್ಜನ್ನು ನಂಬಬೇಡಿ, ತಂಪಿಗೆ ಕಿಣ್ವ ನಿಧಾನವಾಗುತ್ತದೆಯೇ ಹೊರತು ಕೆಡುವುದಿಲ್ಲ. ಇಷ್ಟಾದರೂ ಕಹಿ ಉಳಿದರೆ, ಕಾಯಿಯೊಂದಿಗೆ ಅರೆಯುವ ಸಾಸಿವೆಕಾಳನ್ನು ಕಡಿಮೆ ಮಾಡಿ ನೋಡಿ.