ಟೊರಾಂಟೊದಲ್ಲಿ ಕುಮಾರರಾಮನ ಕಥೆ ಹೇಳುವವರಿಗೆ

ತಮ್ಮಾ, ಗಂಗಾವತಿಯಿಂದ ಟೊರಾಂಟೊಕ್ಕೆ ಬಂದು ಇನ್ನೂ ಹೊಸದು ಅಂದಿದ್ದೀಯ. ನಿಮ್ಮ ಅಪಾರ್ಟ್‌ಮೆಂಟಿನ ಕಥೆ ಸಂಜೆಗೆ ಪಂಜಾಬಿ, ತಮಿಳು, ಸೊಮಾಲಿ ಮನೆಗಳವರೆಲ್ಲ ಸೇರುತ್ತಾರೆ, ಅಲ್ಲಿ ಕಂಪಿಲಿಯ ರಾಜಕುಮಾರ ಕುಮಾರರಾಮನ ಕಥೆಯನ್ನು ಯಾವ ಭಾಷೆಯಲ್ಲಿ ಹೇಳಲಿ ಎಂದು ಕೇಳಿದ್ದೀಯ. ಕನ್ನಡದಲ್ಲೇ ಹೇಳು. ಪಕ್ಕದಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬ ಜೊತೆಗಾರನನ್ನು ನಿಲ್ಲಿಸಿಕೋ.

ನಮ್ಮ ಸೀಮೆಗೆ ಇದೇನು ಹೊಸದಲ್ಲ. ದರೋಜಿ ಈರಮ್ಮನವರ ಮನೆಮಾತು ತೆಲುಗು. ನಾಡಿಗೆಲ್ಲ ಅವರು ಪರಿಚಯವಾದದ್ದು ಕನ್ನಡ ಬುರ್ರಕಥೆಯಿಂದ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರು ಮನೆಯಲ್ಲಿ ಮರಾಠಿ ಬೆರೆತ ಮಾತಾಡುತ್ತಾರೆ, ಪರದೆ ಕಟ್ಟಿದರೆ ಕನ್ನಡ. 2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ಆ ಪರಂಪರೆಯವರು.

ಬುರ್ರಕಥೆಯಲ್ಲಿ ತಂಬೂರಿ ಹಿಡಿದವರು ಕಥೆ ನಡೆಸುತ್ತಾರೆ. ಪಕ್ಕದವರು ವಾದ್ಯ ಬಾರಿಸುತ್ತಾ ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಹಿಡಿಯುತ್ತಾರೆ, ನಡುವೆ ಪ್ರಶ್ನೆ ಹಾಕುತ್ತಾರೆ. ನಿನ್ನ ಜೊತೆಗಾರನೂ ಹಾಗೆಯೇ ಇರಬೇಕು, ಅನುವಾದಕನಾಗಬಾರದು. ವಾಕ್ಯಕ್ಕೊಂದು ಅನುವಾದ ಮಾಡಿದರೆ ಹತ್ತು ನಿಮಿಷದ ಕಥೆ ಇಪ್ಪತ್ತಾಗುತ್ತದೆ, ಕನ್ನಡದವರು ನಕ್ಕು ಮುಗಿಸಿದ ಮೇಲೆ ಉಳಿದವರು ನಗುತ್ತಾರೆ, ಕಥೆಯ ಓಟ ಸತ್ತೇ ಹೋಗುತ್ತದೆ. ಅದರ ಬದಲು ನೀನು ಮೂರು ನಾಲ್ಕು ವಾಕ್ಯ ಕೈಸನ್ನೆ ಸಮೇತ ಹೇಳು: ರಾಮ ಆಡುತ್ತಿದ್ದ ಚೆಂಡು ರತ್ನಾಜಿಯ ಅರಮನೆಗೆ ಬಿತ್ತು. ಜೊತೆಗಾರ ಗಾಬರಿಯಿಂದ ಇಂಗ್ಲಿಷಿನಲ್ಲಿ ಕೇಳಲಿ: "ಚೆಂಡು ಮಲತಾಯಿಯ ಮನೆಗೇ ಬೀಳಬೇಕಿತ್ತಾ? ಅದನ್ನು ತರೋಕೆ ಇವನೇ ಒಳಗೆ ಹೋದನಾ?" ಆ ಪ್ರಶ್ನೆಯಲ್ಲೇ ಅರ್ಥ ದಾಟಿಹೋಗುತ್ತದೆ. ನಿನ್ನ ಸನ್ನೆ ಮುಗಿಯುವ ಮುಂಚೆ ಮಾತ್ರ ಅವನು ಬಾಯಿ ಬಿಡಬಾರದು, ಇಬ್ಬರೂ ಸಾಮಾನ್ಯವಾಗಿ ಎಡವುವುದು ಅಲ್ಲೇ.

ಹೆಸರು ನಾಲ್ಕು ಸಾಕು: ರಾಮನ ತಂದೆ ಕಂಪಿಲರಾಯ, ರಾಮ, ರತ್ನಾಜಿ, ಮಂತ್ರಿ ಬೈಚಪ್ಪ. ಸೊಲ್ಲು ಒಂದೇ ಸಾಲಿನದಿರಲಿ, ಕಥೆಗೆ ಮೊದಲೇ ಮೂರು ಸಲ ಹೇಳಿಕೊಡು. ಸೊಮಾಲಿ ಮಗುವೂ ಕನ್ನಡದಲ್ಲಿ ಹಿಡಿಯುತ್ತದೆ. ಗಾದೆಗಳನ್ನು ಬಿಟ್ಟುಬಿಡು, ಒಂದೊಂದನ್ನೂ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ರತ್ನಾಜಿಯ ಮೋಹದ ಭಾಗ ಬೇಡ, ಕುದುರೆ ತರುವ ಪ್ರಸಂಗ ತಗೋ. ದಿಲ್ಲಿಯ ದಂಡು ಬಂದಾಗ ಅದನ್ನು ರಾಜರ ಯುದ್ಧವಾಗಿಯೇ ಹೇಳು, ಎದುರು ಕೂತ ನೆರೆಯವರ ಧರ್ಮದ ಮೇಲೆ ಹಾಕಬೇಡ. ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮುದಗಲ್ಲಿನ ಮೊಹರಂ ಬಲ್ಲ ನಾಡಿನವರು ನಾವು, ಈ ಎಚ್ಚರ ನಮಗೆ ಇರಲೇಬೇಕು.

ಅಜ್ಜಿಯಿಂದ ಕಥೆ ಕೇಳಿ ರೆಕಾರ್ಡ್ ಮಾಡಿಕೊಳ್ಳಬೇಕೆಂದಿದ್ದೆಯಲ್ಲ, ಬೇಸಿಗೆಯಲ್ಲಿ ಇಲ್ಲಿನ ರಾತ್ರಿ 9ಕ್ಕೆ ಅಲ್ಲಿ ಬೆಳಿಗ್ಗೆ 6:30. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 7:30. "ಕಥೆ ಹೇಳಜ್ಜಿ" ಅಂದರೆ ಮರೆತೆ ಅನ್ನುತ್ತಾರೆ. "ರಾಮನನ್ನು ಬೈಚಪ್ಪ ಎಲ್ಲಿ ಬಚ್ಚಿಟ್ಟ?" ಅಂತ ಕೇಳು, ಬಾಯಿ ತಾನೇ ಬಿಚ್ಚುತ್ತದೆ. ನಡುವೆ ತಿದ್ದಬೇಡ.

ಅದಕ್ಕೂ ಮುಂಚೆ, ಈ ಊರಿನಲ್ಲಿ 1978ರಿಂದ ನಡೆದುಬಂದಿರುವ ಶುಕ್ರವಾರದ ಕಥಾರಾತ್ರಿಗೆ ಒಂದೆರಡು ಸಲ ಹೋಗಿ ಸುಮ್ಮನೆ ಕೂತು ಕೇಳು. ಅಲ್ಲಿ ಕಥೆ ಓದುವುದಿಲ್ಲ, ಬಾಯಲ್ಲೇ ಹೇಳುತ್ತಾರೆ. ಜೊತೆಗಾರನನ್ನೂ ಕರೆದುಕೊಂಡು ಹೋಗು.