ರಂಗದ ಮೇಲಿನ ಹಡಗು ಮತ್ತು ಕಡಲಿನ ಹಡಗು

ಪ್ರಶ್ನೆ: ಸಂಗೀತ ನಾಟಕಗಳಲ್ಲಿ ಹಡಗಿನ ಪ್ರಯಾಣಿಕರೆಲ್ಲ ಒಂದೇ ಡೆಕ್ಕಿನ ಮೇಲೆ ಸೇರಿ ಹಾಡುತ್ತಾರೆ. ಹಿಂದಿನ ಅಟ್ಲಾಂಟಿಕ್ ಹಡಗುಗಳಲ್ಲಿ ನಿಜವಾಗಿಯೂ ಹೀಗಿತ್ತೇ?

ಉತ್ತರ: ಇರಲಿಲ್ಲ. ಮೂರನೆಯ ದರ್ಜೆಯವರ ಊಟದ ಕೋಣೆ, ಡೆಕ್ಕು, ಮೆಟ್ಟಿಲುಗಳೆಲ್ಲ ಬೇರೆಯಾಗಿದ್ದವು. ಆ ದರ್ಜೆಯಲ್ಲಿ ಹೆಚ್ಚಾಗಿರುತ್ತಿದ್ದ ವಲಸಿಗರು ಇತರರೊಡನೆ ಬೆರೆಯದಂತೆ ನೋಡಿಕೊಳ್ಳುವುದು ಅಮೆರಿಕದ ವಲಸೆ ನಿಯಮಗಳ ಒತ್ತಾಯವೂ ಆಗಿತ್ತು. 1924ರ ಕಾನೂನು ವಲಸೆಯನ್ನು ತೀವ್ರವಾಗಿ ಕಡಿತಗೊಳಿಸಿದಾಗ ಹಡಗು ಕಂಪನಿಗಳು ಖಾಲಿಯಾದ ಮೂರನೆಯ ದರ್ಜೆಯ ಕೋಣೆಗಳನ್ನು ಸ್ವಲ್ಪ ಚೊಕ್ಕಗೊಳಿಸಿ ಪ್ರವಾಸಿಗಳಿಗೆ ಮಾರತೊಡಗಿದವು.

1934ರ ನವೆಂಬರಿನಲ್ಲಿ ನ್ಯೂಯಾರ್ಕಿನ ರಂಗಭೂಮಿ ಕೇಂದ್ರವಾದ ಬ್ರಾಡ್‌ವೇಗೆ ಬಂದ, ಕೋಲ್ ಪೋರ್ಟರ್ ಸಂಗೀತದ ನಾಟಕ 'ಎನಿಥಿಂಗ್ ಗೋಸ್' ಈ ಪ್ರವಾಸದ ಕಾಲದ್ದು. ಅದರಲ್ಲಿ ಟಿಕೆಟ್ಟಿಲ್ಲದೆ ಹಡಗು ಹತ್ತಿದ ನಾಯಕ ವೇಷ ಬದಲಿಸುತ್ತ ಓಡಾಡುತ್ತಾನೆ, ಪಾದ್ರಿಯ ವೇಷದಲ್ಲಿ ಒಬ್ಬ ದರೋಡೆಕೋರನೂ ಇದ್ದಾನೆ. ಮೊದಲು ಬರೆದ ಕಥೆಯಲ್ಲಿ ಹಡಗಿಗೆ ಅಪಾಯ ಒದಗುವ ಪ್ರಸಂಗವಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿ ಕರಾವಳಿಯ ಬಳಿ 'ಮೊರೊ ಕ್ಯಾಸಲ್' ಹಡಗು ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ಸತ್ತ ಕಾರಣ ಕಥೆಯನ್ನು ತಿದ್ದಬೇಕಾಯಿತು ಎಂಬುದು ರಂಗಭೂಮಿಯಲ್ಲಿ ರೂಢಿಯಾಗಿರುವ ವಿವರಣೆ.

ದರ್ಜೆಗಳ ಗೋಡೆಯನ್ನೇ ವಸ್ತುವಾಗಿಸಿಕೊಂಡದ್ದು ಮೌರಿ ಯೆಸ್ಟನ್ ಸಂಗೀತದ 'ಟೈಟಾನಿಕ್' (1997). ಬಾಯ್ಲರಿಗೆ ಕಲ್ಲಿದ್ದಲು ಸುರಿಯುವ ಕೆಲಸಗಾರ, ಮೂರನೆಯ ದರ್ಜೆಯ ಐರಿಷ್ ಹುಡುಗಿಯರು, ಹಡಗು ಕಂಪನಿಯ ಒಡೆಯ, ಎಲ್ಲರಿಗೂ ಅಲ್ಲಿ ಹಾಡುಂಟು. ಬ್ರಾಡ್‌ವೇ ಪ್ರದರ್ಶನದಲ್ಲಿ ಹಲವು ಅಂತಸ್ತಿನ ರಂಗಸಜ್ಜಿಕೆಯೇ ವಾಲುತ್ತಿತ್ತು. ಅದಕ್ಕೆ ಅತ್ಯುತ್ತಮ ಸಂಗೀತ ನಾಟಕವೂ ಸೇರಿ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳು ಐದು ಬಂದವು. ಇತಿಹಾಸಕ್ಕೆ ಹತ್ತಿರವಾದದ್ದನ್ನೇ ನೋಡಬೇಕೆಂದರೆ, ನನ್ನ ಮಟ್ಟಿಗೆ, ಇದನ್ನೇ ಆರಿಸಿಕೊಳ್ಳಬೇಕು; ನಗುವುದಕ್ಕಾದರೆ ಮೊದಲಿನದು.