ಎಲ್-ಸಲಾಹಿ ಚಿತ್ರದಲ್ಲಿ ಜೈಲು ಎಲ್ಲಿದೆ?

ಸುಡಾನಿನ ಚಿತ್ರಕಾರ ಇಬ್ರಾಹಿಂ ಎಲ್-ಸಲಾಹಿಯವರ ‘ದಿ ಇನೆವಿಟಬಲ್’ ಬರೀ ಕಪ್ಪು-ಬಿಳಿ ಗೆರೆಗಳಾಗಿ ಕಾಣುತ್ತಿದೆ, ಇದರಲ್ಲಿ ಜೈಲು ಎಲ್ಲಿದೆ ಅಂತ ಕೇಳಿದ್ದೀರಿ. ಬಹುಶಃ ಇಡೀ ಚಿತ್ರವನ್ನು ಫೋನಿನಲ್ಲಿ ಒಂದೇ ಸಲ ನೋಡುತ್ತಿದ್ದೀರಿ, ಅದಕ್ಕೇ ಹಾಗೆ. ಅದು ಒಂಬತ್ತು ತುಂಡುಗಳ ಚಿತ್ರ. ಮೊದಲು ದೊಡ್ಡದು ಮಾಡಿ ಒಂದೇ ತುಂಡು ನೋಡಿ. ಆಮೇಲೆ ಪಕ್ಕದ್ದು. ಕೊನೆಗೆ ಅಂಚುಗಳು ಕೂಡುವ ಜಾಗ.

1975ರಲ್ಲಿ ಸುಡಾನ್ ಸರ್ಕಾರ ಅವರನ್ನು ವಿಚಾರಣೆಯೇ ಇಲ್ಲದೆ ಖಾರ್ಟೂಮಿನ ಕೋಬರ್ ಜೈಲಿಗೆ ಹಾಕಿತ್ತು, ಆರು ತಿಂಗಳು. ಅಲ್ಲಿ ಕಾಗದದ ಚೂರುಗಳ ಮೇಲೆ ಕದ್ದು ಗೆರೆ ಎಳೆದು ಮರಳಿನಲ್ಲಿ ಹೂಳುತ್ತಿದ್ದರು. ಈ ಚಿತ್ರ ಬರೆದದ್ದು 1984-85ರಲ್ಲಿ, ದೇಶ ಬಿಟ್ಟ ಮೇಲೆ. ಜೈಲಿನ ಆ ಕಾಗದಗಳ ಹಾಗೆ ಚೂರಿಗೆ ಚೂರು ಸೇರಿಸುವ ಈ ರೀತಿಯಲ್ಲೇ ಜೈಲಿದೆ. ಸುಮ್ನೆ ಕಂಬಿ ಹುಡುಕಬೇಡಿ. ಚಿತ್ರದಲ್ಲಿ ಮೇಲೆತ್ತಿದ ಕೈಗಳು ನನಗೆ ದಂಗೆ ಅನ್ನಿಸುತ್ತವೆ; ನಿಮಗೆ ಬೇರೆ ಅನ್ನಿಸಬಹುದು.